ನಕಾಶೆಯನ್ನು ನಡೆಸಿ ನೋಡುವ ಮಹಾನಂದಾ

ಸವದತ್ತಿಯ ಬಸ್ ನಿಲ್ದಾಣದಲ್ಲಿ ದೀಪಗಳಿನ್ನೂ ಆರಿಲ್ಲ. ಮೊದಲ ಬಸ್ಸಿಗೆ ಬಂದಿಳಿದವರು ಗುಡ್ಡಕ್ಕೆ ಹೋಗುವ ಟಂಟಂ ರಿಕ್ಷಾ ಹಿಡಿಯಲು ಗೇಟಿನ ಕಡೆ ಓಡುತ್ತಿದ್ದಾರೆ. ಚಹಾದಂಗಡಿಯವನು ಮೊದಲ ಕುದಿ ಇಳಿಸುತ್ತಿದ್ದಾನೆ. ಪಕ್ಕದ ಕಟ್ಟೆಯ ಮೇಲೆ ಕುಳಿತ ಮುರಗೋಡದ ರೈತ ಬಸಲಿಂಗಪ್ಪ ಕೈಯಲ್ಲಿರುವ ಮೊಬೈಲನ್ನು ಒಮ್ಮೆ ಅಡ್ಡ, ಒಮ್ಮೆ ಉದ್ದ ತಿರುಗಿಸುತ್ತಾರೆ. ಮೊಬೈಲು ಅವರದಲ್ಲ, ಎದುರಿಗೆ ನಿಂತ ಹೆಣ್ಣುಮಗಳು ಮಹಾನಂದಾ ಕೊಟ್ಟದ್ದು.

“ಇದನ್ನ ಹೆಂಗ ಹಿಡೀಬೇಕವಾ ತಂಗಿ?”

“ನಿಮಗ ಹೆಂಗ ಹಿಡಿಯೂನು ಅನಸ್ತೈತಿ, ಹಂಗ ಹಿಡೀರಿ ಕಾಕಾರ.”

“ತಪ್ಪಾದ್ರ?”

“ತಪ್ಪಾದ್ರ ಅದು ನಕಾಶೀದ್ರಿ. ನಿಮ್ಮದಲ್ಲ.”

ಬಸಲಿಂಗಪ್ಪ ನಗುತ್ತಾರೆ. ಪಶು ಆಸ್ಪತ್ರೆಗೆ ಹೋಗಬೇಕು, ಆದರೆ ಯಾರನ್ನೂ ಕೇಳುವ ಹಾಗಿಲ್ಲ ಎಂಬುದಷ್ಟೇ ಅವರಿಗೆ ಕೊಟ್ಟ ಕೆಲಸ. ತೆರೆಯ ಮೂಲೆಯಲ್ಲಿ ಹುಡುಕಾಟದ ಗುರುತು ಇದೆ, ಹಿಡಿಕೆಯಿರುವ ಸಣ್ಣದೊಂದು ಭೂತಗನ್ನಡಿ. ಅದರ ಮೇಲೆ ಬೆರಳಿಟ್ಟು, “ಈ ಭಜಿ ಕರಿಯೋ ಝಾರಾ ಯಾಕ ಇಟ್ಟಾರವಾ ಇಲ್ಲಿ?” ಎಂದು ಕೇಳುತ್ತಾರೆ. ಮಹಾನಂದಾ ಮುಗುಳ್ನಕ್ಕು, ಕೈಯಲ್ಲಿದ್ದ ಹಾಳೆಯ ಮೇಲೆ ‘ಝಾರಾ’ ಎಂದು ಬರೆದುಕೊಳ್ಳುತ್ತಾರೆ. ಈ ವಾರ ಅದನ್ನು ಝಾರಾ ಅಂದವರಲ್ಲಿ ಬಸಲಿಂಗಪ್ಪ ಮೊದಲಿಗರಲ್ಲ.

ಮಹಾನಂದಾ ಅವರ ಉದ್ಯೋಗ ಇದೇ. ಹುಬ್ಬಳ್ಳಿಯ ‘ಹೊಸದಾರಿ’ ಎಂಬ ಸಣ್ಣ ಕಂಪನಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳಿಗೂ ಸುತ್ತಲಿನ ಸಂತೆಯೂರುಗಳಿಗೂ ಹೊಸ ಬಗೆಯ ನಕಾಶೆ ಮಾಡಿದೆ. ಆಗ್ಮೆಂಟೆಡ್ ರಿಯಾಲಿಟಿ ನಕಾಶೆ ಎಂದು ಅದರ ಹೆಸರು. ಮೊಬೈಲಿನ ಕ್ಯಾಮೆರಾ ತೆರೆದರೆ ಎದುರಿನ ರಸ್ತೆ ಇದ್ದ ಹಾಗೆಯೇ ತೆರೆಯ ಮೇಲೆ ಕಾಣುತ್ತದೆ, ಅದೇ ರಸ್ತೆಯ ಮೇಲೆ ಬಣ್ಣದ ಬಾಣವೂ ಮೂಡುತ್ತದೆ. ಬಾಣ ತೋರಿದತ್ತ ನಡೆದರೆ ಹೋಗಬೇಕಾದ ಜಾಗ ಸಿಗಬೇಕು. ಸಿಗುತ್ತದೆಯೇ? ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ, ಎಲ್ಲಿ ಕಾಲು ತಡವರಿಸುತ್ತದೆ? ಇದನ್ನು ನೋಡಿ ಹೇಳುವವರು ಮಹಾನಂದಾ. ದಿನಕ್ಕೆ ಐದಾರು ಮಂದಿ ಅಪರಿಚಿತರಿಗೆ ಮೊಬೈಲು ಕೊಟ್ಟು, ಹತ್ತು ಮಾರು ಹಿಂದೆ ಬಾಯಿ ಬಿಗಿದುಕೊಂಡು ನಡೆಯುತ್ತಾರೆ. ಸಂಜೆ ಬಸ್ಸಿನಲ್ಲಿ ಕುಳಿತು ಕಂಡದ್ದನ್ನು ಹುಬ್ಬಳ್ಳಿಗೆ ಬರೆದು ಕಳಿಸುತ್ತಾರೆ.

“ನಡಿಯೂದು ಏನ್ ದೊಡ್ಡದಲ್ರಿ. ಸುಮ್ನಿರೂದು ಭಾಳ ಕಠಿಣ,” ಎಂದು ಬಸಲಿಂಗಪ್ಪನವರ ಹಿಂದೆ ನಡೆಯುತ್ತ ನನಗೆ ಮೆಲ್ಲಗೆ ಹೇಳುತ್ತಾರೆ ಅವರು. “ಕಣ್ಣ ಮುಂದನ ಮನಷ್ಯಾ ತಪ್ಪು ಓಣಿಗೆ ಹೊಳ್ಳತಾನ. ನನಗ ಗೊತ್ತೈತಿ, ಅವಗ ಗೊತ್ತಿಲ್ಲ. ಯಣ್ಣಾ ಈ ಕಡೆ ಅಂತ ಒದರಬೇಕನ್ನಸ್ತೈತಿ. ಆದ್ರ ನಾ ಒದರಿದ್ರ ಆ ನಕಾಶಿ ಎಂದೂ ಸುಧಾರಿಸಂಗಿಲ್ಲ.”

ಮಹಾನಂದಾ ರಾಮದುರ್ಗದ ನೇಕಾರರ ಮನೆಯ ಮಗಳು. ತಂದೆ ಯಮನಪ್ಪ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಹತ್ತನೆಯ ತರಗತಿ ಮುಗಿದ ಮೇಲೆ ಮಹಾನಂದಾ ಬೈಲಹೊಂಗಲದ ಪೇಟೆಯಲ್ಲಿ ಸೋಮಪ್ಪ ಎಂಬುವರ ಸೀರೆ ಅಂಗಡಿಗೆ ಕೆಲಸಕ್ಕೆ ಸೇರಿದರು. ಗಾದಿಯ ಮೇಲೆ ಕುಳಿತು ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಹಾಸುವುದು, ಅವರು ಎದ್ದುಹೋದ ಮೇಲೆ ಮಡಚಿಡುವುದು. ಹದಿನಾಲ್ಕು ವರ್ಷ ಅವರು ಮಾಡಿದ್ದು ಇದನ್ನೇ.

“ಸೋಮಪ್ಪ ಕಾಕಾ ಒಂದ್ ಮಾತು ಹೇಳತಿದ್ರು,” ಎಂದು ನೆನೆಯುತ್ತಾರೆ. “ಗಿರಾಕಿ ಚಂದೈತಿ ಅಂತಾರ, ಆದ್ರ ಅವರ ಕೈ ಬಾಜೂದ ಸೀರಿ ಮ್ಯಾಲಿರತೈತಿ. ಬಾಯಿ ನಮ್ಮ ಮನಸ್ಸು ನೋಯಬಾರದು ಅಂತ ಮಾತಾಡತೈತಿ. ಕೈ ಹಂಗಲ್ಲ. ನೀ ಕೈ ನೋಡ ಮಹಾನಂದಾ ಅಂತಿದ್ರು.”

ಸೋಮಪ್ಪನವರಿಗೆ ವಯಸ್ಸಾಗಿ ಅಂಗಡಿ ಮುಚ್ಚಿದಾಗ ಮಹಾನಂದಾಗೆ ಮೂವತ್ತು. ಮದುವೆಯಾಗಿ, ಗಂಡ ತೀರಿಕೊಂಡು, ತವರಿಗೆ ಮರಳಿದ್ದರು. ಬೇರೆ ಅಂಗಡಿಗಳಲ್ಲಿ ಕೇಳಿದರೆ ಎಳೆಯ ಹುಡುಗಿಯರೇ ಬೇಕು ಎಂಬ ಉತ್ತರ. ಹೀಗೆ ಕೆಲಸ ಕೇಳುತ್ತ ಹೋದ ಒಂದು ದಿನ ಸವದತ್ತಿಯ ಬಸ್ ನಿಲ್ದಾಣದಲ್ಲಿ ಕೊರಳಿಗೆ ‘ಹೊಸದಾರಿ’ಯ ಗುರುತಿನ ಚೀಟಿ ಹಾಕಿಕೊಂಡ ಹುಡುಗಿಯೊಬ್ಬಳು ಅವರ ಕೈಗೆ ಮೊಬೈಲು ಕೊಟ್ಟು, ಅಂಚೆ ಕಚೇರಿ ಹುಡುಕಲು ಹೇಳಿದಳು. ಅಂದರೆ ಮಹಾನಂದಾ ಈ ಕೆಲಸಕ್ಕೆ ಮೊದಲು ಬಂದದ್ದು ನಕಾಶೆಯನ್ನು ಬಳಸಿ ನೋಡುವ ಸಾಮಾನ್ಯರಲ್ಲಿ ಒಬ್ಬರಾಗಿ. ಬಾಣ ಗಾಳಿಯಲ್ಲಿ ತೇಲಾಡಿತು, ಬಿಸಿಲಿಗೆ ತೆರೆ ಕಪ್ಪಾಯಿತು, ಅಂಚೆ ಕಚೇರಿ ಸಿಗಲಿಲ್ಲ. ಹೇಗನ್ನಿಸಿತು ಎಂದು ಹುಡುಗಿ ಕೇಳಿದಾಗ ಮಹಾನಂದಾ ಹೇಳಿದ್ದು ಇಷ್ಟು: “ಚಂದೈತಿ ಅಂತ ಹೇಳಲೋ, ಖರೇ ಹೇಳಲೋ?”

ಹುಡುಗಿ ಜೋರಾಗಿ ನಕ್ಕು, ಖರೇ ಬೇಕು ಅಂದಳು. ಇಬ್ಬರೂ ಚಹಾ ಕುಡಿಯುತ್ತ ಒಂದು ತಾಸು ಮಾತಾಡಿದರು. ವಾರದ ನಂತರ ಹುಬ್ಬಳ್ಳಿಯಿಂದ ಫೋನು ಬಂತು.

ಕೆಲಸದ ಮೊದಲ ವರ್ಷ ಸಣ್ಣ ಸಣ್ಣ ತೊಡಕುಗಳನ್ನು ಹುಡುಕುವುದರಲ್ಲೇ ಕಳೆಯಿತು. ‘ನಲವತ್ತು ಮೀಟರ್ ಮುಂದೆ ಎಡಕ್ಕೆ’ ಎಂದು ನಕಾಶೆ ಬರೆದು ತೋರಿಸಿದರೆ ಮುನವಳ್ಳಿಯ ಸಂತೆಗೆ ಬಂದವರು ನಿಂತಲ್ಲೇ ನಿಲ್ಲುತ್ತಿದ್ದರು. ‘ಹಿಟ್ಟಿನ ಗಿರಣಿ ದಾಟಿ ಎಡಕ್ಕೆ’ ಅಂದಾಗ ಕಾಲು ತಾನಾಗಿ ಹೊರಳಿತು. ಕಿತ್ತೂರಿನ ಕೋಟೆಯ ಬಯಲಿನಲ್ಲಿ ಹಸಿರು ಬಾಣ ಹುಲ್ಲಿನೊಳಗೆ ಕರಗಿಹೋಗುತ್ತಿತ್ತು. ಅದನ್ನು ಕೇಸರಿಗೆ ಬದಲಿಸಿದ್ದು ಮಹಾನಂದಾ ಬರೆದು ಕಳಿಸಿದ ಎರಡು ಸಾಲಿನಿಂದ.

ಒಮ್ಮೆ ಮುರಗೋಡದ ಸಂತೆಯಲ್ಲಿ ದೊಡ್ಡ ಗದ್ದಲವೇ ಆಯಿತು. ಶಟ್ಟೆವ್ವ ಎಂಬ ಹೆಣ್ಣುಮಗಳು ಮೊಬೈಲನ್ನು ಮುಖದ ಮುಂದೆ ಎತ್ತಿ ಹಿಡಿದು ನಡೆಯುತ್ತಿದ್ದರು. ಉಳ್ಳಾಗಡ್ಡಿ ಮಾರುತ್ತಿದ್ದವಳು ಥಟ್ಟನೆ ಎದ್ದು ನಿಂತಳು. “ಏ, ಯಾರದ ಫೋಟೋ ಹೊಡಿಯಾಕ ಹತ್ತೀದಿ ನೀ? ಕೇಳಿ ಹೊಡಿಯೂದಿಲ್ಲೇನು?” ಜನ ಸೇರಿದರು. ಮಹಾನಂದಾ ಓಡಿಹೋಗಿ ಕೈಮುಗಿದು, ತೆರೆ ತೋರಿಸಿ, ಇದು ಫೋಟೋ ಅಲ್ಲ, ದಾರಿ ಎಂದು ತಿಳಿಹೇಳಿದರು. ಆ ಸಂಜೆ ಹುಬ್ಬಳ್ಳಿಗೆ ಬರೆದರು: ಸಂತೆಯಲ್ಲಿ ಕ್ಯಾಮೆರಾ ಎತ್ತಿದವರನ್ನು ಜನ ನಂಬುವುದಿಲ್ಲ, ಹೆಣ್ಣುಮಕ್ಕಳಂತೂ ಎತ್ತಲು ಹಿಂಜರಿಯುತ್ತಾರೆ, ನೆಲದ ಕಡೆ ಬಾಗಿಸಿ ಹಿಡಿದರೂ ಬಾಣ ಕಾಣಬೇಕು. ಅದನ್ನು ಮಾಡಲು ಕಂಪನಿಯ ಎಂಜಿನಿಯರುಗಳಿಗೆ ಮೂರು ತಿಂಗಳು ಬೇಕಾಯಿತು. ಆದರೆ ಮಾಡಿದರು.

ಅಲ್ಲಿಂದ ಮುಂದಿನದು ಕೃಷ್ಣವ್ವನ ಕತೆ.

ಕೃಷ್ಣವ್ವ ಮುನವಳ್ಳಿಯವರು, ಐವತ್ತು ದಾಟಿದ ಹೆಣ್ಣುಮಗಳು. ಚಿಕ್ಕ ವಯಸ್ಸಿನಲ್ಲಿ ಬಂದ ಜ್ವರವೊಂದು ಅವರ ಎರಡೂ ಕಿವಿಗಳನ್ನು ಮುಚ್ಚಿಬಿಟ್ಟಿತು. ಮಾತು ಬರುತ್ತದೆ, ಕನ್ನಡ ಕೂಡಿಸಿ ಓದಬಲ್ಲರು, ತುಟಿ ನೋಡಿ ಒಂದಷ್ಟು ತಿಳಿಯುತ್ತದೆ. ಆದರೆ ಪರ ಊರಿನಲ್ಲಿ ದಾರಿ ಕೇಳಿದರೆ ಜನ ಕೈ ಬೀಸಿ, ಮುಖ ತಿರುಗಿಸಿಕೊಂಡು ಉತ್ತರ ಹೇಳುತ್ತಾರೆ. ಆಗ ಅವರಿಗೆ ಏನೂ ದಕ್ಕುವುದಿಲ್ಲ. ಹೀಗಾಗಿ ಮೂವತ್ತು ವರ್ಷಗಳಿಂದ ಅವರು ಒಬ್ಬರೇ ಊರು ಬಿಟ್ಟದ್ದಿಲ್ಲ. ಅಕ್ಕ ಕಾಡವ್ವ ಸವದತ್ತಿಯಲ್ಲೇ ಇದ್ದರೂ, ಅಲ್ಲಿಗೆ ಹೋಗಲು ಸೊಸೆ ರಾಣಿಯ ಬಿಡುವು ನೋಡಬೇಕು.

ಮಹಾನಂದಾ ಅವರನ್ನು ಹುಡುಕಿಕೊಂಡು ಹೋಗಿರಲಿಲ್ಲ. ಸವದತ್ತಿ ನಿಲ್ದಾಣದಲ್ಲಿ ರಾಣಿಗೆ ಮೊಬೈಲು ಕೊಡಲು ಹೋದಾಗ ಪಕ್ಕದಲ್ಲಿದ್ದ ಕೃಷ್ಣವ್ವನೇ ಕೈ ಚಾಚಿದರು. “ನನಗ ಕೊಡವಾ. ದಾರಿ ಕೇಳಾಕ ಬರದಾಕಿ ನಾನು. ಇದು ಖರೇ ಬೇಕಾಗಿದ್ದು ನನಗ.”

ಅದು ಕಬ್ಬು ಸಾಗಿಸುವ ಕಾಲ. ನಿಲ್ದಾಣದ ಹೊರಗಿನ ರಸ್ತೆಯಲ್ಲಿ ಟ್ರ್ಯಾಕ್ಟರುಗಳ ಸಾಲು. ಕೃಷ್ಣವ್ವ ತೆರೆಯ ಮೇಲಿನ ಬಾಣವನ್ನೇ ದಿಟ್ಟಿಸುತ್ತ ಹೊರಟರು. ಆನಂದವಾಗಿತ್ತು ಅವರಿಗೆ. ತಿರುವಿನಲ್ಲಿ ಬಾಣ ರಸ್ತೆಯ ಆಚೆಗೆ ಬಾಗಿತು, ಅವರೂ ಬಾಗಿದರು. ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಬರುತ್ತಿದ್ದ ಟ್ರ್ಯಾಕ್ಟರಿನವನು ಹಾರ್ನಿನ ಮೇಲೆ ಹಾರ್ನು ಹೊಡೆದ. ಅದು ಅವರಿಗೆ ಕೇಳುವಂತಿರಲಿಲ್ಲ. ಹಿಂದಿನಿಂದ ಹಾರಿ ಬಂದ ಮಹಾನಂದಾ ಅವರ ರಟ್ಟೆ ಹಿಡಿದು ಎಳೆದರು. ಇಬ್ಬರೂ ರಸ್ತೆಯ ಬದಿಯ ಮಣ್ಣಿನಲ್ಲಿ ಬಿದ್ದರು.

“ಅವ್ವನ ಎದಿ ಹೊಡಕೊಳ್ಳೂದು ನನ್ನ ಕೈಯಾಗ ಗೊತ್ತಾಗತಿತ್ತು,” ಅನ್ನುತ್ತಾರೆ ಮಹಾನಂದಾ. ಕೃಷ್ಣವ್ವ ಮೊಬೈಲು ಮರಳಿಸಿ, ಸೀರೆಯ ಮಣ್ಣು ಕೊಡವಿಕೊಂಡು ಹೇಳಿದ್ದು ಒಂದೇ ಮಾತು: “ಇದು ನಮ್ಮಂಥವರಿಗೆ ಅಲ್ಲ ಬಿಡವಾ.”

ಟ್ರ್ಯಾಕ್ಟರಿಗಿಂತ ಹೆಚ್ಚಾಗಿ ಆ ಮಾತು ತಮ್ಮನ್ನು ಅಲ್ಲಾಡಿಸಿತು ಎನ್ನುತ್ತಾರೆ ಮಹಾನಂದಾ. ನಕಾಶೆಯ ಬಿಡುಗಡೆಗೆ ದಿನ ಗೊತ್ತಾಗಿತ್ತು. ಅತಿಥಿಗಳಿಗೆ ಹೇಳಿಯಾಗಿತ್ತು. ಮರುದಿನವೇ ಅವರು ಹುಬ್ಬಳ್ಳಿಯ ಬಸ್ಸು ಹತ್ತಿದರು. ಕಂಪನಿಯಲ್ಲಿ ಈ ಯೋಜನೆಯ ಹೊಣೆ ಹೊತ್ತ ಸಂದೀಪ ಅವರ ಎದುರು ಕುಳಿತು, ಇದನ್ನು ಈಗ ಬಿಡುಗಡೆ ಮಾಡಬಾರದು ಅಂದರು.

ಆ ದಿನದ ಮಾತುಕತೆಯನ್ನು ಸಂದೀಪ ನನ್ನೆದುರು ಮುಚ್ಚುಮರೆಯಿಲ್ಲದೆ ಹೇಳಿದರು. “ಉಳಿದ ಎಲ್ಲರಿಗೂ ಸರಿಹೋಗೇತಿ, ಒಬ್ಬರ ಸಲುವಾಗಿ ಎಲ್ಲಾ ನಿಲ್ಲಿಸೂದು ಹೆಂಗ್ರಿ ಅಂದೆ. ಅದಕ್ಕ ಅಕ್ಕಾರು, ಉಳಿದವರಿಗೆ ಹಾರ್ನ್ ಕೇಳಸ್ತು ಸರ್, ನಕಾಶಿ ಅವರನ್ನ ಉಳಿಸಲಿಲ್ಲ, ಹಾರ್ನ್ ಉಳಸ್ತು ಅಂದ್ರು. ಉಳಿದವರೂ ತೆರಿ ನೋಡಕೋತನ ರಸ್ತೆಗೆ ಇಳದಿದ್ರು. ಅದನ್ನ ನಾವ್ಯಾರೂ ಎಣಿಸಿರಲಿಲ್ಲ.”

ಬಿಡುಗಡೆ ಮುಂದಕ್ಕೆ ಹೋಯಿತು. ಮೇಲಿನವರಿಂದ ಬೈಗುಳ ತಿಂದವರು ಸಂದೀಪ. ಮಹಾನಂದಾ ಹೆಸರನ್ನು ಅವರು ಎಲ್ಲೂ ಎತ್ತಲಿಲ್ಲ.

ಮುಂದಿನದು ಸಲೀಸಾಗಿ ಆಗಲಿಲ್ಲ. ಬಾಣದ ಜೊತೆಗೆ ದನಿಯೂ ಇರಲಿ, ಆಗ ಯಾರೂ ತೆರೆ ನೋಡುತ್ತ ನಡೆಯಬೇಕಿಲ್ಲ ಎಂದು ಸೂಚಿಸಿದವರು ಮಹಾನಂದಾ ಅವರೇ. ನಿಲ್ದಾಣದ ಧ್ವನಿವರ್ಧಕ, ಟಂಟಂನವರ ಕೂಗು, ಅಂಗಡಿಗಳ ಹಾಡುಗಳ ನಡುವೆ ಆ ದನಿ ಯಾರಿಗೂ ಕೇಳಲಿಲ್ಲ. ಕೃಷ್ಣವ್ವನಿಗೆ ಅದರಿಂದ ಕವಡೆಕಾಸಿನ ಉಪಯೋಗವೂ ಇರಲಿಲ್ಲ. “ಯಾರ ಸಲುವಾಗಿ ಹಟಾ ಹಿಡದೆನೋ ಅವರನ್ನ ಮರತ ಸೂಚನೆ ಕೊಟ್ಟಿದ್ದೆ ನೋಡ್ರಿ,” ಎಂದು ತಲೆ ಅಲ್ಲಾಡಿಸುತ್ತಾರೆ. ಆಮೇಲೆ ಮೊಬೈಲು ನಡುಗಿ ಸೂಚನೆ ಕೊಡುವ ವ್ಯವಸ್ಥೆ ಬಂತು. ನಡೆಸಿ ನೋಡಿದರೆ ಹೆಣ್ಣುಮಕ್ಕಳೆಲ್ಲ ಮೊಬೈಲನ್ನು ಕೈಚೀಲದಲ್ಲಿ ಹಾಕಿಕೊಂಡು ನಡೆದರು. ಅದು ಚೀಲದೊಳಗೇ ನಡುಗಿ ಸುಮ್ಮನಾಯಿತು.

ಕೊನೆಗೆ ಎಂಜಿನಿಯರುಗಳೂ ಮಹಾನಂದಾ ಅವರೂ ಸೇರಿ ಒಂದು ಹದಕ್ಕೆ ತಂದರು. ಕಾಲು ನಡೆಯುತ್ತಿರುವಾಗ ಬಾಣ ಮಾಯವಾಗುತ್ತದೆ, ತೆರೆ ಕಪ್ಪಾಗಿ ‘ರಸ್ತೆ ನೋಡಿ ನಡೆಯಿರಿ’ ಎಂಬ ದಪ್ಪ ಅಕ್ಷರ ಮೂಡುತ್ತದೆ. ತಿರುವು ಹತ್ತಿರ ಬಂದಾಗ ಕೈಯಲ್ಲಿರುವ ಮೊಬೈಲು ಜೋರಾಗಿ ನಡುಗುತ್ತದೆ. ಆಗ ಬದಿಗೆ ನಿಂತು ಬಾಗಿಸಿ ಹಿಡಿದರೆ ಮಾತ್ರ ಬಾಣ ಕಾಣುತ್ತದೆ. ಅದೂ ಗಾಳಿಯಲ್ಲಲ್ಲ, ಹೋಗಬೇಕಾದ ಓಣಿಯ ನೆಲಕ್ಕೆ ಅಂಟಿಕೊಂಡಂತೆ. ಮೊಬೈಲು ಚೀಲ ಸೇರದಿರಲಿ ಎಂದು ಬೆರಳಿಗೆ ಸಿಕ್ಕಿಸುವ ದಾರವನ್ನು ಹೊಲಿದು ಕೊಟ್ಟದ್ದು ಮಹಾನಂದಾ.

ಆದರೆ ಕೃಷ್ಣವ್ವ ಮತ್ತೆ ಬರಲು ಒಪ್ಪಬೇಕಲ್ಲ? ಮಹಾನಂದಾ ಮುನವಳ್ಳಿಗೆ ಹೋದರು. ಕೃಷ್ಣವ್ವ ಜೋಳ ಹಸನು ಮಾಡುತ್ತ ಕುಳಿತಿದ್ದರು. ಮೊರ ಕೆಳಗಿಡಲಿಲ್ಲ, ತಲೆ ಎತ್ತಲಿಲ್ಲ. ಸೊಸೆ ರಾಣಿಗೂ ಸಿಟ್ಟಿತ್ತು: “ಅತ್ತಿ ಉಳದಿದ್ದ ಪುಣ್ಯಾ ಅಕ್ಕಾರ. ಮತ್ತ ಕಳಸಂಗಿಲ್ಲ ನಾವು.” ಮಹಾನಂದಾ ವಾದಿಸಲಿಲ್ಲ. ಅಂಗಳದಲ್ಲಿ ಕುಳಿತು ಜೋಳದ ಕಲ್ಲು ಆರಿಸಿದರು. ಎದ್ದು ಹೊರಡುವಾಗ ಕೃಷ್ಣವ್ವನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದರು: “ಅವತ್ತ ತಪ್ಪಿದಾಕಿ ನೀವಲ್ರಿ ಅವ್ವಾರ. ನಕಾಶಿ ತಪ್ಪಿತ್ತು. ಈಗ ಅದನ್ನ ತಿದ್ದೇವಿ. ಖರೇ ತಿದ್ದೇವೋ ಇಲ್ಲೋ, ನೀವು ಹೇಳಿದ್ರನ ಗೊತ್ತಾಗೂದು.”

ಕೃಷ್ಣವ್ವ ಮೊರ ಕೆಳಗಿಟ್ಟರು. ಆಮೇಲೆ ಕೈ ಚಾಚಿದರು. ಮೊಬೈಲಿಗೆ ಕಟ್ಟಿದ ಆ ದಾರ ಹೇಗೆ ಸಿಕ್ಕಿಸಿಕೊಳ್ಳುವುದು ತೋರಿಸು ಅಂದರು. ಮನೆಯ ಮುಂದಿನ ಓಣಿಯಲ್ಲಿ, ವಾಹನವಿಲ್ಲದ ಕಡೆ, ರಾಣಿಯ ಕಣ್ಣೆದುರೇ ಎರಡು ದಿನ ನಡೆದು ನೋಡಿದ ಮೇಲೆ ಸವದತ್ತಿಗೆ ಹೊರಡುವುದೆಂದಾಯಿತು. ಎಲ್ಲಿಗೆ ಹೋಗುತ್ತೀರಿ ಎಂದು ಮಹಾನಂದಾ ಕೇಳಿದರು. ಕೃಷ್ಣವ್ವ ಆಸ್ಪತ್ರೆ, ಕಚೇರಿ ಯಾವುದನ್ನೂ ಹೇಳಲಿಲ್ಲ. “ನಮ್ಮಕ್ಕನ ಮನಿಗೆ,” ಅಂದರು.

ಆ ಬೆಳಿಗ್ಗೆ ಮಹಾನಂದಾ ಹಿಂದೆ, ಸಂದೀಪ ರಸ್ತೆಯ ಆಚೆ ಬದಿಗೆ. ಕೃಷ್ಣವ್ವ ಚೀಲವನ್ನು ಹೆಗಲಿಗೆ ಹಾಕಿ, ಮೊಬೈಲನ್ನು ಕೈಯಲ್ಲಿ ಇಳಿಬಿಟ್ಟು ನಡೆದರು. ಅದೇ ಟ್ರ್ಯಾಕ್ಟರುಗಳ ತಿರುವಿನಲ್ಲಿ ಮೊಬೈಲು ನಡುಗಿರಬೇಕು. ಅವರು ಗಕ್ಕನೆ ನಿಂತರು. ಬಾಗಿಸಿ ನೋಡಿದರು. ಕೈ ಇಳಿಸಿದರು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ಹೊರಳಿಸಿ, ರಸ್ತೆ ಖಾಲಿಯಾಗುವವರೆಗೆ ಕಾದು, ದಾಟಿದರು.

ಪೇಟೆ ಕಳೆದು ಒಳಗಿನ ಓಣಿಗಳಿಗೆ ಹೊಕ್ಕಾಗ ಅವರು ತಪ್ಪಿದರು. ಒಂದೇ ತರಹದ ಎರಡು ಓಣಿಗಳಲ್ಲಿ ಮೊದಲನೆಯದಕ್ಕೆ ಹೊರಳಿಬಿಟ್ಟರು. ಮಹಾನಂದಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತರು. ಸಂದೀಪ ಆಚೆಯಿಂದ ಕೈಸನ್ನೆ ಮಾಡಿ, ಹೇಳೋಣವೇ ಎಂದು ಕೇಳಿದರು. ಮಹಾನಂದಾ ಬೇಡವೆಂದು ತಲೆ ಅಲ್ಲಾಡಿಸಿದರು. ಓಣಿಯ ನಡುವೆ ಕೃಷ್ಣವ್ವ ನಿಂತರು. ಸುತ್ತ ನೋಡಿದರು. ಮುಖದಲ್ಲಿ ಗಾಬರಿ ಹಾದುಹೋಯಿತು. ಕೈಯಲ್ಲಿ ಮೊಬೈಲು ನಡುಗುತ್ತಲೇ ಇತ್ತು. ಬಾಗಿಸಿ ನೋಡಿದರು, ಬಾಣ ಹಿಂದಕ್ಕೆ ತೋರಿಸುತ್ತಿತ್ತು. “ಹೂಂ, ಹಿಂದಕ್ಕೇನು?” ಎಂದು ಮೊಬೈಲಿಗೇ ಹೇಳಿ, ತಿರುಗಿ ಬಂದರು. ಮಹಾನಂದಾ ಅವರ ಪಕ್ಕದಲ್ಲೇ ಹಾದುಹೋದರೂ ಅವರ ಕಡೆ ನೋಡಲಿಲ್ಲ.

ಕಾಡವ್ವ ಹೊಸ್ತಿಲಲ್ಲಿ ಕುಳಿತು ಮೆಂತ್ಯಪಲ್ಲೆಯ ಸೊಪ್ಪು ಬಿಡಿಸುತ್ತಿದ್ದರು. ತಂಗಿಯನ್ನು ಕಂಡು ಎದ್ದರು. ಅವರ ಕಣ್ಣು ಮೊದಲು ಹೋದದ್ದು ತಂಗಿಯ ಬೆನ್ನ ಹಿಂದಕ್ಕೆ.

“ಯಾರ ಜೋಡಿ ಬಂದಿ? ರಾಣಿ ಎಲ್ಲಿ?”

ಅಕ್ಕನ ತುಟಿ ನೋಡಿ ಕೃಷ್ಣವ್ವನಿಗೆ ತಿಳಿಯಿತು. ಎದೆ ತಟ್ಟಿಕೊಂಡು, ಓಣಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದರು: “ನಾ ಒಬ್ಬಾಕಿನ ಬಂದೇನಿ!”

ಅಕ್ಕ ತಂಗಿಯರು ತೆಕ್ಕೆಬಿದ್ದು ಅತ್ತರು, ಆಮೇಲೆ ನಕ್ಕರು. ಓಣಿಯ ತುದಿಯಲ್ಲಿ ಮಹಾನಂದಾ ಕೂಡ ಅಳುತ್ತಿದ್ದರು. ಸಂದೀಪ ಹುಬ್ಬಳ್ಳಿಗೆ ಫೋನು ಹಚ್ಚಿ, “ಆತು, ಬಿಡುಗಡಿ ಮಾಡ್ರಿ,” ಅಂದರು.

ನಕಾಶೆ ಈಗ ನಾಲ್ಕೂ ಊರುಗಳಲ್ಲಿ ಬಳಕೆಯಲ್ಲಿದೆ. ಕೃಷ್ಣವ್ವ ತಿಂಗಳಿಗೆರಡು ಸಲ ಅಕ್ಕನ ಮನೆಗೆ ಹೋಗುತ್ತಾರೆ. ರಾಮದುರ್ಗದ ಪೇಟೆಗೂ ಒಮ್ಮೆ ಹೋಗಿ ಸೊಸೆಗೆ ಸೀರೆ ತಂದರಂತೆ. ಬಿಡುಗಡೆಯ ದಿನ ವೇದಿಕೆಯ ಮೇಲೆ ಹಲವರಿಗೆ ಶಾಲು ಬಿತ್ತು. ಮಹಾನಂದಾ ಆ ಹೊತ್ತಿಗೆ ಕಿತ್ತೂರಿನಲ್ಲಿ ಯಾರದೋ ಹಿಂದೆ ನಡೆಯುತ್ತಿದ್ದರು. ಬೇಸರವಾಗಲಿಲ್ಲವೇ ಎಂದು ಕೇಳಿದೆ. “ಬ್ಯಾಸರ ಯಾಕ್ರಿ? ಅವತ್ತ ಕಿತ್ತೂರಾಗ ಬ್ಯಾರೆನ ಒಂದ್ ತಪ್ಪು ಸಿಕ್ತು ನನಗ!” ಎಂದು ಕಣ್ಣರಳಿಸಿದರು.

ನಾವು ಮಾತಾಡುತ್ತಿರುವಾಗಲೇ ಬಸಲಿಂಗಪ್ಪ ಪಶು ಆಸ್ಪತ್ರೆ ಮುಟ್ಟಿ, ಗೆದ್ದವರ ಹಾಗೆ ಎರಡೂ ಕೈ ಎತ್ತುತ್ತಾರೆ. ಮಹಾನಂದಾ ಅವರಿಗೆ ಚಹಾ ಕುಡಿಸಿ, ನನ್ನೊಡನೆ ನಿಲ್ದಾಣಕ್ಕೆ ಮರಳುತ್ತಾರೆ. ಬಿಸಿಲು ಏರಿದೆ. ಕಟ್ಟೆಯ ಮೇಲೆ ಕುಳಿತು, ಮುಂದಿನ ಪರೀಕ್ಷೆಗೆ ಯಾರನ್ನು ಕರೆಯಲಿ ಎಂದು ಅವರು ಅತ್ತಿತ್ತ ನೋಡುತ್ತಿರುವಾಗ, ಕಾಲೇಜು ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಹತ್ತಿರ ಬರುತ್ತಾಳೆ. ದಿಕ್ಕು ತಿಳಿಯದೆ ಕುಳಿತ ಹಳ್ಳಿಯ ಹೆಣ್ಣುಮಗಳು ಎಂದು ಅವಳ ಎಣಿಕೆ ಇರಬೇಕು.

“ಅಕ್ಕಾರ, ಎಲ್ಲಿಗೆ ಹೋಗಬೇಕ್ರಿ? ದಾರಿ ಗೊತ್ತಾಗವಲ್ದೇನು?”

ಮಹಾನಂದಾ ನನ್ನ ಕಡೆ ಒಮ್ಮೆ ನೋಡುತ್ತಾರೆ. ಏನೂ ಹೇಳಬೇಡಿ ಎಂಬಂತೆ.

“ಹೌದವಾ. ಅಂಚಿ ಆಫೀಸ್ ಎಲ್ಲೈತಿ?”

ಹುಡುಗಿ ಪಕ್ಕದಲ್ಲಿ ಕುಳಿತು ತನ್ನ ಮೊಬೈಲು ತೆಗೆಯುತ್ತಾಳೆ. ನಕಾಶೆ ತೆರೆದು, ಹೇಗೆ ಬಾಗಿಸಿ ಹಿಡಿಯಬೇಕು, ನಡುಗಿದಾಗ ಏಕೆ ನಿಲ್ಲಬೇಕು ಎಂದು ಒಂದೊಂದಾಗಿ ಹೇಳಿಕೊಡುತ್ತಾಳೆ. “ಹೆದರಬ್ಯಾಡ್ರಿ, ಭಾಳ ಸಲೀಸ ಐತಿ. ನಮ್ಮ ಅಜ್ಜಿನೂ ಇದನ್ನ ನೋಡಿ ಹೋಗಿ ಬರತಾಳ.” ಮಹಾನಂದಾ ಎಲ್ಲವನ್ನೂ ತಲೆದೂಗಿ ಕೇಳಿಸಿಕೊಳ್ಳುತ್ತಾರೆ, ಎರಡು ಪ್ರಶ್ನೆಗಳನ್ನೂ ಕೇಳುತ್ತಾರೆ. ಬಸ್ಸು ಬಂದೊಡನೆ ಹುಡುಗಿ ಎದ್ದು ಓಡುತ್ತಾಳೆ.

“ನಮ್ಮ ಅಜ್ಜಿನೂ ಅಂದ್ಲಲ್ರೀ,” ಎಂದು ಮಹಾನಂದಾ ಸೆರಗು ಸರಿಪಡಿಸಿಕೊಂಡು ಏಳುತ್ತಾರೆ. “ಆ ಅಜ್ಜಿ ಯಾರೋ ನನಗ ಗೊತ್ತಿಲ್ಲ. ನಾನೂ ಅಕಿಗೆ ಗೊತ್ತಿಲ್ಲ. ಆದ್ರ ಹೋಗಿ ಬರತಾಳಂತ.”